ಅರ್ಜಿ ಟೀಚರ್ ಹೊಡೆದುಹಾಕಿದ ಹೆಸರು

ಪೌರನೀತಿ ಎಂದರೆ ಮಕ್ಕಳಿಗೆ ಆಕಳಿಕೆ ಬರುವ ಪಾಠ. ಆ ಶಾಲೆಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿನ ಟೀಚರ್ ಪುಸ್ತಕ ಮುಚ್ಚಿಟ್ಟು ಮಕ್ಕಳಿಂದ ಅರ್ಜಿ ಬರೆಸುತ್ತಿದ್ದರು. ಉರಿಯದ ಬೀದಿದೀಪಕ್ಕೊಂದು, ಹೊತ್ತಿಗೆ ಬಾರದ ಬಸ್ಸಿಗೊಂದು. ಮಕ್ಕಳು ಅವರಿಗೆ ‘ಅರ್ಜಿ ಟೀಚರ್’ ಎಂದೇ ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅವರು ಒಳಗೊಳಗೇ ಹಿಗ್ಗುತ್ತಿದ್ದರು.

ಒಂದು ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ನೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟಳು. ನೀರು ತಿಳಿ ನೇರಳೆಯಾಗಿತ್ತು.

“ನಮ್ಮ ಬೀದಿ ಬಾವೀದು ಟೀಚರ್. ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯಿಂದ ಬರ್ತಿದೆ. ನಮ್ಮಪ್ಪ ಅಲ್ಲೇ ಕೆಲಸ ಮಾಡೋದು. ಬರೀಬಹುದಾ?”

“ಬರಿ. ನಾನೂ ಸಹಿ ಹಾಕ್ತೀನಿ.”

ಮೊದಲ ಹೆಸರು ಹುಡುಗಿಯದು, ಕೊನೆಯದು ಟೀಚರ್ ಅವರದು. ಅರ್ಜಿ ನಗರಸಭೆಗೆ ಹೋದ ನಾಲ್ಕೇ ದಿನಕ್ಕೆ ಹೆಡ್‌ಮಾಸ್ಟರ ಮೇಜಿಗೆ ಬಂದು ಬಿದ್ದಿತ್ತು. ಶಾಲೆಗೆ ಹೊಸ ಕೋಣೆ ಕಟ್ಟಿಸಿಕೊಡುತ್ತಿದ್ದವನೇ ಆ ಕಾರ್ಖಾನೆಯ ಮಾಲೀಕ.

“ಮಕ್ಕಳಾಟ ಅಂತ ಸಮಾಧಾನ ಮಾಡ್ತೀನಮ್ಮ. ನಿಮ್ಮ ಹೆಸರೊಂದು ಇರಬಾರದು. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ” ಎಂದರು ಹೆಡ್‌ಮಾಸ್ಟರು.

ಹಾಸಿಗೆ ಹಿಡಿದಿದ್ದ ತಾಯಿ ಟೀಚರ್ ಕಣ್ಣ ಮುಂದೆ ಬಂದರು. ಪೆನ್ನು ತೆಗೆದು ತಮ್ಮ ಹೆಸರನ್ನು ಹೊಡೆದುಹಾಕಿದರು. ಹುಡುಗಿಯ ಹೆಸರು ಹಾಗೇ ಉಳಿಯಿತು.

ವಾರದೊಳಗೆ ಅವಳ ಅಪ್ಪನ ಕೆಲಸ ಹೋಯಿತು. ಮನೆಮಂದಿಯೆಲ್ಲ ಊರು ಬಿಟ್ಟರು. ಟಿ.ಸಿ. ತೆಗೆದುಕೊಳ್ಳಲು ಬಂದ ಹುಡುಗಿ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಟೀಚರ್ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಆ ವರ್ಷವೇ ತಾಯಿ ತೀರಿಕೊಂಡರು. ಆಮೇಲೆ ಟೀಚರ್‌ಗೆ ಯಾರ ಹೆದರಿಕೆಯೂ ಉಳಿಯಲಿಲ್ಲ. ವಾರ್ಡ್ ಸಭೆಗಳಲ್ಲಿ ಒಬ್ಬರೇ ಎದ್ದು ನಿಂತು ಬಾವಿಯ ಮಾತೆತ್ತಿದರು. ಎಂಟು ವರ್ಷ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೂ ಬಾವಿ ಮುಚ್ಚಿಸಿ, ಬೀದಿಗೆ ನಲ್ಲಿ ಹಾಕಿಸಿದರು.

ಈ ಸುದ್ದಿ ಹೇಳಲೆಂದೇ ಆ ಹುಡುಗಿಯನ್ನು ಹುಡುಕಿಕೊಂಡು ಹೋದರು. ಅವಳು ಪಕ್ಕದೂರಿನ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಸ್ಟೂಲು ಎಳೆದು ಕೂರಿಸಿ, ಎಲ್ಲ ಕೇಳಿ, “ಒಳ್ಳೇದಾಯ್ತು ಟೀಚರ್” ಎಂದಳು.

“ಅವತ್ತು ನಾನು ಹೆದರಿಬಿಟ್ಟೆ ಕಣಮ್ಮ.”

“ಗೊತ್ತು. ಅಪ್ಪ ಸಾಯೋವರೆಗೂ ನಂಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.” ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. “ನಾನೀಗ ಎಲ್ಲೂ ಹೆಸರು ಬರೆಸಲ್ಲ ಟೀಚರ್. ವೋಟರ್ ಲಿಸ್ಟಲ್ಲೂ ಇಲ್ಲ.”

ಈಗಲೂ ಸೇರಿಸಬಹುದು, ಫಾರಂ ನಾನೇ ತಂದುಕೊಡ್ತೀನಿ ಎಂಬ ಮಾತು ಟೀಚರ್ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವಳು ಮುಂದಿನ ಅಂಗಿಯ ಕಾಲರ್ ಬಿಡಿಸಿ ಮೇಜಿನ ಮೇಲೆ ಹರಡಿದಳು.