ಬ್ರೆಡ್ಡಿನ ಕರಡಿಯ ನಿದ್ದೆ

ನಮ್ಮ ದೊಡ್ಡಮ್ಮನ ಅಡುಗೆ ಅಷ್ಟಕ್ಕಷ್ಟೇ. ಆದರೆ ಚಳಿಗಾಲ ಬಂತೆಂದರೆ ಅವಳನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಗ್ರಂಥಾಲಯದ ಮಕ್ಕಳ ಕೋಣೆ ನೋಡಿಕೊಳ್ಳುವುದು ಅವಳ ಕೆಲಸ. ಚಳಿಯ ತಿಂಗಳುಗಳಲ್ಲಿ ಶನಿವಾರಕ್ಕೊಂದು ಚಿತ್ರಪುಸ್ತಕ, ಆ ಪುಸ್ತಕಕ್ಕೆ ತಕ್ಕ ತಿಂಡಿ. ಹಿಮದ ಗೊಂಬೆಯ ಕಥೆಯಾದರೆ ಕಡ್ಡಿಗೆ ಪೋಣಿಸಿದ ಬಾಳೆಹಣ್ಣಿನ ಬಿಲ್ಲೆಗಳು, ಕ್ಯಾರೆಟ್ ಚೂರಿನ ಮೂಗು. ಪೆಂಗ್ವಿನ್ ಕಥೆಯಾದರೆ ಕಪ್ಪು ದ್ರಾಕ್ಷಿಯ ಹೊಟ್ಟೆ ಸೀಳಿ ಚೀಸ್ ತುಂಬುವುದು. ಕೊನೆಯ ಪುಟ ಮುಗಿಯುವ ತನಕ ಯಾರೂ ತಟ್ಟೆ ಮುಟ್ಟುವ ಹಾಗಿಲ್ಲ. ಶುಕ್ರವಾರ ಸಂಜೆ ಮನೆಯಲ್ಲಿ ತಾಲೀಮು; ಮೂಗು ಸೊಟ್ಟಗಾದ ಗೊಂಬೆಗಳೇ ಅವಳ ಊಟ. ಇಷ್ಟು ಹಿಮದ ಗೊಂಬೆಗಳನ್ನು ನುಂಗಿದ್ದೀಯ, ಇನ್ನು ನಿನಗೆ ನೆಗಡಿ ಬಿಟ್ಟರೆ ಕೇಳು ಎಂದು ನಾನು ರೇಗಿಸುತ್ತಿದ್ದೆ.

ಆದರೆ ವಾರದಲ್ಲಿ ಅವಳು ಇನ್ನೊಬ್ಬರ ಜೊತೆ ಕೂತು ತಿನ್ನುತ್ತಿದ್ದುದು ಶನಿವಾರದ ಅದೊಂದೇ ಹೊತ್ತು. ದೊಡ್ಡಪ್ಪ ಹೋದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಒಂದೇ. ಮಕ್ಕಳಿರಲಿಲ್ಲ. ನಾನಾದರೂ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು.

ಹೋದ ಚಳಿಗಾಲದ ಹೊತ್ತಿಗೆ ಮಕ್ಕಳೆಲ್ಲ ಈಜು, ಕರಾಟೆ, ಟ್ಯೂಷನ್ ಎಂದು ಚದುರಿಹೋಗಿದ್ದರು. ಉಳಿದವಳು ಬೇಕರಿಯವಳ ಮಗಳೊಬ್ಬಳೇ. ಕಥೆ ಕೇಳುವಾಗ ಪಿಳಿಪಿಳಿ ಕಣ್ಣು ಬಿಡುತ್ತಿದ್ದುದರಿಂದ ಅವಳಿಗೆ ಪಿಳಿಪಿಳಿ ಎಂದೇ ಹೆಸರು ಬಿದ್ದಿತ್ತು. ಗ್ರಂಥಪಾಲಕರು ಕೆಟ್ಟವರಲ್ಲ. ಒಂದು ಮಗು ಬಂದರೂ ನಡೆಸಿ, ಯಾರೂ ಬಾರದ ದಿನ ಶನಿವಾರದ ಕಥೆ ನಿಲ್ಲಿಸೋಣ ಎಂದಿದ್ದರು. ದೊಡ್ಡಮ್ಮನಿಗೆ ಶುಕ್ರವಾರದಿಂದಲೇ ನಾಳೆ ಪಿಳಿಪಿಳಿ ಬರುತ್ತಾಳೋ ಇಲ್ಲವೋ ಎಂಬ ಚಿಂತೆ.

ಆ ಶನಿವಾರ ಚಳಿಗಾಲವೆಲ್ಲ ಗುಹೆಯಲ್ಲಿ ಮಲಗುವ ಕರಡಿಯ ಕಥೆ. ದೊಡ್ಡಮ್ಮ ಬ್ರೆಡ್ಡನ್ನು ದುಂಡಗೆ ಕತ್ತರಿಸಿ ಕಡಲೆಕಾಯಿ ಬೆಣ್ಣೆ ಸವರಿ, ಬಾಳೆಹಣ್ಣಿನ ಕಿವಿ ಇಟ್ಟು, ಚೀಸಿನ ಹಾಳೆ ಹೊದಿಸಿದ್ದಳು. ಗೆರೆ ಎಳೆದಂಥ ಮುಚ್ಚಿದ ಕಣ್ಣು ಬೇರೆ. ತನಗೂ ಒಂದು, ಪಿಳಿಪಿಳಿಗೂ ಒಂದು. ಕಥೆಯ ಕೊನೆಯಲ್ಲಿ ದೊಡ್ಡಮ್ಮನ ದನಿ ಪಿಸುಮಾತಿಗೆ ಇಳಿಯಿತಂತೆ. ಪುಸ್ತಕ ಮುಚ್ಚಿ, ತಿನ್ನಮ್ಮಾ ಎಂದರೆ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬೇಡ ಅಜ್ಜಿ, ಪಾಪ ಮಲಗಿದೆ. ನೀವೂ ತಿನ್ಬೇಡಿ."

ಚಳಿ ಮುಗಿಯುವ ತನಕ ಏಳುವುದಿಲ್ಲವಾ ಎಂದು ಕೇಳಿದಳು. ಪುಸ್ತಕದಲ್ಲಿ ಹಾಗೇ ಇದೆ ಎಂದಳು ದೊಡ್ಡಮ್ಮ. ಹುಡುಗಿ ತುದಿಗಾಲಲ್ಲಿ ನಡೆದು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದಳು. ದೊಡ್ಡಮ್ಮ ಎರಡೂ ತಟ್ಟೆ ಹಾಗೇ ಎತ್ತಿಟ್ಟಳು. ಅಂದು ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಫೋನಿನಲ್ಲಿ ನನಗೆ ಇದನ್ನೇ ಎರಡು ಸಲ ಹೇಳಿದಳು.

ಮುಂದಿನ ಶನಿವಾರ ಪಿಳಿಪಿಳಿ ಬರಲಿಲ್ಲ. ನಾನು ಊರಿಗೆ ಬಂದಿದ್ದೆ. ಗ್ರಂಥಾಲಯದ ಬಾಗಿಲ ಕಡೆಗೇ ನೋಡುತ್ತ ಕೂತಿದ್ದ ದೊಡ್ಡಮ್ಮನನ್ನು ಎಬ್ಬಿಸಿಕೊಂಡು ಬೇಕರಿಗೆ ಹೋದೆ. ಮಗುವಿಗೆ ಜ್ವರವಿರಬಹುದು ಎಂದುಕೊಂಡಿದ್ದೆವು. ಬೇಕರಿಯವಳು ನಕ್ಕಳು. ಕರಡಿಗೆ ನಿದ್ದೆ ಕೆಡುತ್ತದೆ, ಚಳಿ ಮುಗಿಯುವ ತನಕ ಯಾರೂ ಆ ಕೋಣೆಗೆ ಹೋಗಬಾರದು ಎಂದು ಮಗಳು ಹಟ ಹಿಡಿದಿದ್ದಾಳಂತೆ.

"ಕರಡಿ ಎದ್ದಿದೆ ಅಂತ ನೀವೇ ಒಂದು ಮಾತು ಹೇಳ್ಬಿಡಿ ಅಮ್ಮಾ. ಈಗ್ಲೇ ಓಡಿ ಬರ್ತಾಳೆ."

ಹುಡುಗಿ ಒಳಗಿನಿಂದ ಇಣುಕಿ, ತುಟಿಯ ಮೇಲೆ ಬೆರಳಿಟ್ಟು ಸನ್ನೆಯಲ್ಲೇ ಕೇಳಿದಳು. ಇನ್ನೂ ಮಲಗಿದೆಯಾ? ದೊಡ್ಡಮ್ಮ ಮಲಗಿದೆ ಎಂದು ತಲೆಯಾಡಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಯಾರೂ ಬಾರದೆ ಶನಿವಾರದ ಕಥೆ ನಿಂತೇಹೋಯಿತು, ಇನ್ನು ಆ ರೇಡಿಯೋ ಮುಂದೆ ಕೂತಿರು ಎಂದು ದಾರಿಯುದ್ದಕ್ಕೂ ಬೈದೆ. ಮನೆಯ ಬಾಗಿಲು ತೆಗೆಯುವಾಗ ಅವಳು ನನ್ನ ಕಡೆ ತಿರುಗಿದಳು.

"ನಾನು ಹೇಳಿದ್ದನ್ನ ಅಷ್ಟು ನಂಬೋರು ನನಗೆ ಇನ್ಯಾರಿದಾರೆ ಹೇಳೇ?"

ನಾನು ಇದ್ದೇನೆ ಎನ್ನಬೇಕಿತ್ತು. ಆದರೆ ವಾಪಸು ಹೋಗುವ ನನ್ನ ಬಸ್ಸು ಅಂದೇ ಸಂಜೆ ಆರಕ್ಕಿತ್ತು, ಅದು ಅವಳಿಗೂ ಗೊತ್ತಿತ್ತು.