ಚಾಪೆಯ ಇನ್ನೊಂದು ತುದಿ

"ಬಾಯೀನೂ ನೋಡ್ರಿ, ಅಕ್ಕಾರ."

ಸಂಜೆ ಕೆಲಸ ಬಿಡುವಾಗ ಭರಮಪ್ಪ ನನ್ನೆದುರು ಬಾಯಿ ತೆರೆದು ನಿಂತುಬಿಟ್ಟ. ಆಗ ಮಹಾಯುದ್ಧದ ಕಾಲ. ಹುಪರಿಯ ನಮ್ಮ ಮನೆಯಲ್ಲಿ ಗೆಜ್ಜೆ ಮಾಡುವವರೆಲ್ಲ, ಬೆಳ್ಳಿಯ ಪುಡಿ ಹೊರಹೋಗದಿರಲೆಂದು, ಬೋಗುಣಿಯ ನೀರಿನಲ್ಲಿ ಕೈ ತೊಳೆದೇ ಹೋಗುತ್ತಿದ್ದರು. ಬೆಳ್ಳಿ ಕದ್ದು ಕೊಲ್ಲಾಪುರದ ಜೈಲು ಕಂಡು ಬಂದಿದ್ದ ಇವನಾದರೋ ಮೊದಲ ದಿನವೇ ಕೈ ತೊಳೆದು, ರುಮಾಲು ಬಿಚ್ಚಿ ಜಾಡಿಸಿ, ಬಾಯಿಯನ್ನೂ ತೋರಿಸಿದ್ದ. ನಾಚಿಕೆಯಾಗಿ ಕಳಿಸಿಬಿಟ್ಟೆ.

ಅವನು ಹೊರಬಿದ್ದದ್ದೇ ತಡ, ಮನಸ್ಸು ತಡೆಯದೆ ಅವನು ಕೂತಿದ್ದ ಚಾಪೆ ಎತ್ತಿ ಜಾಡಿಸತೊಡಗಿದೆ. ಮರೆತ ಬುತ್ತಿಯ ಡಬ್ಬಿಗೆಂದು ತಿರುಗಿ ಬಂದವನು ಬಾಗಿಲಲ್ಲೇ ನೋಡಿದ. ಸಿಟ್ಟಾಗಲಿಲ್ಲ. ಬಂದು ಚಾಪೆಯ ಇನ್ನೊಂದು ತುದಿ ಹಿಡಿದ. "ಒಬ್ಬರಿಂದ ಆಗೂದಿಲ್ರಿ, ಇಬ್ಬರೂ ಝಾಡಸೂಣ್ರಿ."

ಬಿದ್ದದ್ದು ಬರೀ ಧೂಳು. ಜೈಲು ಅವನನ್ನು ತಿದ್ದಿತ್ತೋ ಏನೋ, ನನಗೆ ತಿಳಿಯದು. ಇವತ್ತಿಗೂ ಚಾಪೆ ಜಾಡಿಸುವಾಗ ಎದುರಿನ ತುದಿ ನೋಡಲು ನನಗೆ ಧೈರ್ಯ ಸಾಲದು.