ಹೆಪ್ಪಮ್ಮನ ಕೈಗುಣ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಹೆಪ್ಪಮ್ಮ. ಗಂಡ ತೀರಿಕೊಂಡ ಮೇಲೆ ಅಡುಗೆಮನೆಯ ಒಂದೇ ಪಾತ್ರೆಯಿಂದ ಶುರು ಮಾಡಿದ ಮೊಸರಿನ ವ್ಯಾಪಾರವನ್ನು ಬಿಳಿ ಟೈಲ್ಸಿನ ಗೋಡೆ, ಸಾಲು ಸ್ಟೀಲ್ ಕೊಳಗಗಳು, ನಾಲ್ಕೈದು ಕೆಲಸದವರಿರುವ ದೊಡ್ಡ ಕೋಣೆಯ ಮಟ್ಟಕ್ಕೆ ತಂದಿದ್ದಳು. ಮಗ ಥರ್ಮಾಮೀಟರ್ ತಂದರೆ, "ಈ ಕಿರುಬೆರಳು ಇರೋವಾಗ ಅದೆಲ್ಲ ಯಾಕೋ?" ಎಂದು ಅದನ್ನು ಮೊಳೆಗೆ ನೇತುಹಾಕಿದವಳು. ಹಾಲಿನ ಬಿಸಿ ನೋಡುವುದರಲ್ಲಿ ಆ ಬೆರಳು ತಪ್ಪಿದ್ದೂ ಇಲ್ಲ, ಬಿಡಿ.

ಅವಳದೊಂದು ಪದ್ಧತಿ. ಬೆಳಗ್ಗೆ ಎಲ್ಲಕ್ಕಿಂತ ಗಟ್ಟಿಯಾಗಿ ಹೆಪ್ಪಾದ ಕೊಳಗ ಯಾವುದೆಂದು ನೋಡಿ, ಅದರ ಮೇಲೆ ನಿಂತ ತಿಳಿನೀರನ್ನು ಸೌಟಿನಲ್ಲಿ ತೆಗೆದಿಡುತ್ತಿದ್ದಳು. ಹೊಸ ಹಾಲಿಗೆ ಬೇರೆಯಾಗಿ ಭರಣಿಯಲ್ಲಿ ಕಾದಿಟ್ಟ ಹೆಪ್ಪು ಹಾಕುವಾಗ ಆ ನೀರನ್ನೂ ಎಲ್ಲ ಕೊಳಗಗಳಿಗೆ ಒಂದಿಷ್ಟು ಹಂಚುತ್ತಿದ್ದಳು. ಒಳ್ಳೆಯದರ ಸಹವಾಸ ಎಲ್ಲಕ್ಕೂ ಸಿಗಲಿ ಅಂತ. ಯಾರೂ ಕಲಿಸಿದ್ದಲ್ಲ, ಅವಳದೇ ತಲೆ.

ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಮಾತು ಕಡಿಮೆ, ಕೆಲಸ ಚುರುಕು. ಅತ್ತೆಯ ಪಕ್ಕ ನಿಂತು ಹೆಪ್ಪು ಹಾಕುವುದನ್ನು ಕಲಿತಳು. ಅವಳು ಕೈ ಹಚ್ಚಿ ವಾರ ತುಂಬುವುದರೊಳಗೆ ಒಂದು ಕೊಳಗ ಹೆಪ್ಪಾಗಲಿಲ್ಲ. ಮರುದಿನ ಇನ್ನೆರಡು. ಆಮೇಲೆ ಎಲ್ಲವೂ ನೀರುನೀರು. ಗಿರಾಕಿಗಳು ಮುಖ ಸಿಂಡರಿಸಿ ಡಬ್ಬಿಗಳನ್ನು ಹಿಂದಕ್ಕೆ ಕೊಟ್ಟರು.

ಹೆಪ್ಪಮ್ಮ ತಡವರಿಸುವವಳಲ್ಲ. ಕೆಲಸದವರೆಲ್ಲ ಕೇಳುವಂತೆ, "ಇವಳ ಕೈಗುಣ ಸರಿಯಿಲ್ಲ. ನಾಳೆಯಿಂದ ಈ ಕೋಣೆಗೆ ಕಾಲಿಡೋದು ಬೇಡ," ಎಂದುಬಿಟ್ಟಳು.

ಸೊಸೆ ಅಳಲಿಲ್ಲ. ಸಂಜೆ ಗಂಡನಿಗೆ ಹೇಳಿದಳು: "ಕೆಲಸ ಬರಲ್ಲ ಅಂದಿದ್ರೆ ಕಲೀತಿದ್ದೆ. ಕೈಯೇ ಕೆಟ್ಟದ್ದು ಅಂದ್ರೆ ಎಲ್ಲಿ ಹೋಗಿ ಬದಲಾಯಿಸ್ಲಿ? ಬೇರೆ ಮನೆ ನೋಡಿ." ಮಗ ಬಂದು ತಿಂಗಳ ಕೊನೆಗೆ ಹೊರಡುತ್ತೇವೆ ಎಂದಾಗ ಹೆಪ್ಪಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ ಅವಳು.

ಸೊಸೆ ಕೋಣೆ ಬಿಟ್ಟ ಮೇಲೂ ಹಾಲು ಹೆಪ್ಪಾಗಲಿಲ್ಲ. ಹೆಪ್ಪಮ್ಮ ಇದ್ದುದರಲ್ಲೇ ಗಟ್ಟಿಯಾದದ್ದನ್ನು ಹುಡುಕಿ, ಅದರ ತಿಳಿನೀರನ್ನು ಮೊದಲಿಗಿಂತ ಧಾರಾಳವಾಗಿ ಹಂಚಿದಳು. ಹಾಲು ಇನ್ನೂ ಕೆಟ್ಟಿತು.

ಹಾಲಿನ ಡೈರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಅವಳ ಹಳೆಯ ಗಿರಾಕಿ. ವಿಷಯ ಕೇಳಿ ಅವಳು ಬ್ಯಾಕ್ಟೀರಿಯಾ ಕೂಡ ದಾಟಲಾರದಷ್ಟು ಸಣ್ಣ ತೂತುಗಳ ಫಿಲ್ಟರ್ ತಂದು ಆ ತಿಳಿನೀರನ್ನು ಸೋಸಿದಳು. ಕಾಯಿಸಿ ಆರಿಸಿದ ಹಾಲನ್ನು ಲೋಟಗಳಿಗೆ ಸುರಿದಳು. ಹೆಪ್ಪು ಹಾಕಿದ್ದು ಹೆಪ್ಪಮ್ಮನೇ, ಬೇರೆಯವರನ್ನು ನಂಬುವ ಜೀವವೇ ಅದು? ಬರೀ ಹೆಪ್ಪು ಹಾಕಿದ ಲೋಟ ಗಟ್ಟಿಯಾಯಿತು. ಹೆಪ್ಪಿನ ಜೊತೆ ಸೋಸಿದ ನೀರಿನ ಹನಿಯೂ ಬಿದ್ದದ್ದು ನೀರಾಗಿಯೇ ಉಳಿಯಿತು. ಅದರ ಒಂದು ಹನಿ ಹೆಪ್ಪು ಹಾಕಿದ ಮುಂದಿನ ಲೋಟಕ್ಕೆ, ಅದರದ್ದು ಅದರ ಮುಂದಿನದಕ್ಕೆ. ಕೊನೆಯ ಲೋಟವೂ ಅಷ್ಟೇ ನೀರು.

"ವಿಷ ಆಗಿದ್ರೆ ಲೋಟದಿಂದ ಲೋಟಕ್ಕೆ ತೆಳುವಾಗ್ತಾ ಹೋಗ್ಬೇಕಿತ್ತು. ಇದು ಬೆಳೀತಿದೆ. ವೈರಸ್ಸು ಕಣಮ್ಮ," ಎಂದಳು ಲ್ಯಾಬಿನವಳು.

"ಹಾಲಿಗೂ ನೆಗಡಿಯೇನೇ?"

"ಹಾಲಿಗಲ್ಲ, ಹೆಪ್ಪಲ್ಲಿರೋ ಬ್ಯಾಕ್ಟೀರಿಯಾಗೆ. ವೈರಸ್ಸಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಿಲ್ಲ. ಒಂದು ಪ್ರೋಟೀನ್ ಚಿಪ್ಪು, ಒಳಗೆ ತನ್ನಂಥದ್ದನ್ನ ಹೇಗೆ ಮಾಡ್ಬೇಕು ಅನ್ನೋ ಬರಹ ಇರೋ ಎಳೆ. ಹೊರಗಿದ್ದಾಗ ಧೂಳಿನ ಹಾಗೆ ಸುಮ್ಮನೆ ಬಿದ್ದಿರುತ್ತೆ. ತನಗೆ ಹೊಂದೋ ಬ್ಯಾಕ್ಟೀರಿಯಾ ಸಿಕ್ರೆ ಅಂಟ್ಕೊಂಡು ಎಳೆಯನ್ನ ಒಳಗೆ ಬಿಡುತ್ತೆ. ಆಮೇಲೆ ಅದು ತನ್ನ ಕೆಲಸ ಬಿಟ್ಟು ವೈರಸ್ಸುಗಳನ್ನೇ ಮಾಡ್ತಾ ಕೂರುತ್ತೆ. ಕೊನೆಗೆ ಒಡೆದು ಎಲ್ಲಾ ಹೊರಗೆ ಬರ್ತವೆ."

"ಜೀವ ಇದೆಯೋ ಇಲ್ವೋ ಅದಕ್ಕೆ?"

"ಅದರ ಬಗ್ಗೆ ಓದಿದೋರೇ ಇನ್ನೂ ಜಗಳ ಆಡ್ತಿದಾರೆ."

"ತಿಂದೋರಿಗೆ?"

"ಏನೂ ಆಗಲ್ಲ. ನಮ್ಮ ಜೀವಕೋಶ ಅದಕ್ಕೆ ಹೊಂದೋದೇ ಇಲ್ಲ. ಗಾಳೀಲೋ ಹಾಲಲ್ಲೋ ಎಲ್ಲೋ ಬಂದಿರುತ್ತೆ. ಆದ್ರೆ ಒಂದು ಕೊಳಗದಿಂದ ಎಲ್ಲದಕ್ಕೂ ಹೋಗಿದ್ದು…" ಲ್ಯಾಬಿನವಳು ಮಾತು ಮುಗಿಸಲಿಲ್ಲ. ಹೆಪ್ಪಮ್ಮ ಸೌಟಿನ ಕಡೆ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು.

ಕೂಡಲೇ ಕೆಲಸದವರನ್ನೆಲ್ಲ ಕರೆದಳು. ಸೊಸೆಯನ್ನೂ ಕರೆಸಿದಳು. "ಅವತ್ತು ಇವಳ ಕೈಗುಣ ಸರಿಯಿಲ್ಲ ಅಂದೆ. ಸುಳ್ಳು. ಕೊಳಗದಿಂದ ಕೊಳಗಕ್ಕೆ ರೋಗ ಹೊತ್ತಿದ್ದು ಈ ಕೈ. ತಪ್ಪಾಯ್ತಮ್ಮ. ನಾನು ತಪ್ಪು ಮಾಡಿದ್ರೂ ಅರ್ಧಂಬರ್ಧ ಮಾಡಲ್ಲ, ನೋಡು."

ಕೆಲಸದವರು ನಕ್ಕರು, ಸೊಸೆ ನಗಲಿಲ್ಲ. "ಮನೆ ನೋಡಿಯಾಗಿದೆ ಅತ್ತೆ. ಹೊರಡ್ತೀವಿ."

ಹೊರಟೇಬಿಟ್ಟರು. ಎರಡು ಬೀದಿ ಆಚೆ, ಮಹಡಿಯ ಮೇಲೆ.

ಹೆಪ್ಪಮ್ಮ ಕೊಳಗಗಳನ್ನು ಕುದಿಯುವ ನೀರಲ್ಲಿ ಅದ್ದಿಸಿ ತೊಳೆಸಿದಳು. ತಿಳಿನೀರು ಹಂಚುವುದನ್ನು ಬಿಟ್ಟಳು. ಈ ವೈರಸ್ಸಿಗೆ ಹೊಂದದ ಬೇರೆ ಬಗೆಯ ಹೆಪ್ಪನ್ನು ಲ್ಯಾಬಿನವಳು ತಂದುಕೊಟ್ಟಳು. ಮೊಸರು ಮತ್ತೆ ಕೆನೆಗಟ್ಟಿ ಕೂತಿತು. ಗೆದ್ದಿದ್ದಳು, ಆದರೆ ಗೆದ್ದೆ ಅನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಗ್ಗೆ ಆ ಹೊಸ ಹೆಪ್ಪನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಮಹಡಿ ಹತ್ತಿದಳು. ಯಾರ ಮನೆಗಾದರೂ ಹೇಳದೆ ನುಗ್ಗುವ ಹೆಂಗಸು ಬಾಗಿಲು ತಟ್ಟಿ ಹೊರಗೇ ನಿಂತಳು. ಸೊಸೆ ಬಾಗಿಲು ತೆರೆದು, ಡಬ್ಬಿಯನ್ನೂ ಅತ್ತೆಯ ಮುಖವನ್ನೂ ನೋಡಿದಳು.

"ಒಳಗೆ ಬನ್ನಿ ಅತ್ತೆ. ಹಾಲು ಕಾಯಿಸಿ ಆರಕ್ಕಿಟ್ಟಿದೀನಿ," ಎಂದಳು. "ಹೆಪ್ಪು ನೀವೇ ಹಾಕಿ."